ಜೇಡಿಮಣ್ಣು, ಕಣಕ, ಬೆಣ್ಣೆ: ಇವನ್ನ ‘ಅರೆಘನ’ ಅನ್ನೋದು ಸರೀನಾ?

ಎಲ್ಲರಿಗೂ ನಮಸ್ಕಾರ. ಏಳನೇ ಕ್ಲಾಸ್ ಮಕ್ಕಳಿಗೆ ದ್ರವ್ಯದ ಸ್ಥಿತಿಗಳ ಬಗ್ಗೆ ಒಂದು ಬರಹ ತಯಾರು ಮಾಡ್ತಿದೀನಿ, ಘನ ದ್ರವ ಅನಿಲ ಅಂತ ಬರ್ದಾಯ್ತು, ಆದ್ರೆ ಜೇಡಿಮಣ್ಣು, ಒಬ್ಬಟ್ಟಿನ ಕಣಕ, ಬೆಣ್ಣೆ, ಮಕ್ಕಳು ಆಡೋ ಕ್ಲೇ, ಇಂಥ ಹೇಗೆ ಒತ್ತಿದ್ರೆ ಹಾಗೆ ಆಗೋ ವಸ್ತುಗಳ ಹತ್ರ ಬಂದು ಸಿಕ್ಕಾಕ್ಕೊಂಡಿದೀನಿ. ಇವನ್ನ ‘ಅರೆಘನ’ ಅಂತ ಬರೆಯೋ ರೂಢಿ ಇದೆ. ನಂಗೆ ಆ ಪದ ಒಪ್ಪಿಗೆ ಆಗ್ತಿಲ್ಲ.

ತೊಡಕು ಶುರುವಾಗೋದು ‘ಗಟ್ಟಿ’ಯಿಂದ. ಘನ ಅಂದ್ರೆ ಗಟ್ಟಿ ಅಂತ ಮಕ್ಕಳಿಗೆ ಹೇಳ್ಬಿಡ್ತೀವಿ, ನಮ್ಮ ಮಾತಲ್ಲಿ ಕಲ್ಲೂ ಗಟ್ಟಿ, ಮೊಸರೂ ಗಟ್ಟಿ, ಚಟ್ನೀನೂ ಗಟ್ಟಿ. ಬೆಣ್ಣೆ ಮೆತ್ತಗಿದೆ ಅಂದ್ಮೇಲೆ ಅದು ಘನ ಅಲ್ಲ ಅಂತ ಮಗು ಅಂದ್ಕೊಂಡ್ರೆ ತಪ್ಪು ಮಗೂದಲ್ಲ.

ಜೇಡಿಮಣ್ಣಿನ ಉಂಡೆ ಮಾಡಿ ಹಲಗೆ ಮೇಲಿಟ್ರೆ ಹರಿಯಲ್ಲ, ಹಂಗೇ ಕೂತಿರುತ್ತೆ. ಒಂದು ಮಿತಿ ದಾಟಿ ಒತ್ತಿದ್ರೆ ಜರುಗುತ್ತೆ, ಕೈ ತೆಗೆದ್ರೆ ಹೊಸ ಆಕಾರದಲ್ಲೇ ನಿಲ್ಲುತ್ತೆ. ಅಮೆರಿಕದ ರಸಾಯನವಿಜ್ಞಾನಿ ಯೂಜೀನ್ ಬಿಂಗಮ್ 1916ರಲ್ಲಿ ಇಂಥ ಹರಿವಿನ ನಿಯಮ ಬರೆದಾಗ ಈ ಮಿತಿಯನ್ನೇ ಹಿಡ್ಕೊಂಡಿದ್ರು. ಒಳಗೆ ಏನಿದೆ ನೋಡಿದ್ರೆ ತೆಳ್ಳನೆ ಬಿಲ್ಲೆ ಥರದ ಸಣ್ಣ ಸಣ್ಣ ಕಣಗಳು, ಅವು ಘನಾನೇ, ಮಧ್ಯೆ ನೀರು ಇರೋದ್ರಿಂದ ಒಂದರ ಮೇಲೊಂದು ಜಾರ್ತವೆ. ಬೆಣ್ಣೇಲಿ ಕೊಬ್ಬಿನ ಹರಳುಗಳ ಜಾಲ, ಅದರೊಳಗೆ ದ್ರವ ಕೊಬ್ಬು, ನೀರಿನ ಹನಿಗಳು. ಅರ್ಧ ಘನ ಅನ್ನೋದು ಎಲ್ಲಿ ಬಂತು, ಘನ ದ್ರವ ಎರಡೂ ಸೇರಿರೋ ಮಿಶ್ರಣ ಇವು. ಕಣಕದ ಗುಣ ಇನ್ನೂ ಬೇರೆ, ಹಿಟ್ಟಲ್ಲಿ ಗ್ಲುಟನ್ ಅನ್ನೋ ಅಂಟು ಪ್ರೋಟೀನ್ ಇರೋದ್ರಿಂದ ಎಳೆದು ಬಿಟ್ರೆ ಸ್ವಲ್ಪ ವಾಪಸ್ ಸೆಳ್ಕೊಳ್ಳುತ್ತೆ.

ಅರಗು ಮೆತ್ತಗಾಗೋದು ಬಿಸಿಯಿಂದ. ಚನ್ನಪಟ್ಟಣದಲ್ಲಿ ತಿರುಗೋ ಮರಕ್ಕೆ ಅರಗಿನ ಕಡ್ಡಿ ಒತ್ತಿ ಹಿಡೀತಾರಲ್ಲ, ತಿಕ್ಕಾಟದ ಕಾವಿಗೆ ಕರಗಿ ಮರಕ್ಕೆ ಹತ್ಕೊಳ್ಳುತ್ತೆ, ಆರಿದ್ಮೇಲೆ ಗಟ್ಟಿ. ಇನ್ನು ಡಾಂಬರಿನ ಜಾತಿಯ ಪಿಚ್ ಅನ್ನೋದು ಸುತ್ತಿಗೇಲಿ ಹೊಡೆದ್ರೆ ಚೂರಾಗುತ್ತೆ, ಆದ್ರೆ ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ಯೂನಿವರ್ಸಿಟೀಲಿ ಥಾಮಸ್ ಪಾರ್ನೆಲ್ 1927ರಲ್ಲಿ ಅದನ್ನ ಗಾಜಿನ ಆಲಿಕೆಗೆ ತುಂಬಿ, 1930ರಲ್ಲಿ ಆಲಿಕೆಯ ಬಾಯಿ ಕತ್ತರಿಸಿ ಬಿಟ್ರು, ಮೊದಲ ಹನಿ ಬಿದ್ದದ್ದು 1938ರಲ್ಲಿ! ಅದು ದ್ರವ, ತುಂಬಾ ನಿಧಾನ ಅಷ್ಟೆ. ಒಂದು ಒತ್ತಡಕ್ಕೆ ಬಗ್ಗೋದು, ಇನ್ನೊಂದು ಬಿಸಿಗೆ, ಮತ್ತೊಂದು ವರ್ಷಗಟ್ಟಲೆ ಕಾದ್ರೆ ಹರಿಯೋದು, ಮೂರನ್ನೂ ‘ಅರೆಘನ’ ಅಂತ ಒಂದೇ ಚೀಲಕ್ಕೆ ತುಂಬಿದ್ರೆ ಮಕ್ಕಳು ಅದನ್ನ ನಾಲ್ಕನೇ ಸ್ಥಿತಿ ಅಂತಲೇ ಕಲೀತಾರೆ.

ಜೇಡಿಮಣ್ಣು, ಬೆಣ್ಣೆ ಥರದವಕ್ಕೆ ‘ಮೆದುಘನ’ ಅಂದ್ರೆ ಹೇಗೆ? ಕನ್ನಡ ಪದಕ್ಕೆ ಸಂಸ್ಕೃತ ಪದ ಸೇರಿಸಿದ ಅರಿಸಮಾಸ ಅಂತ ಆಕ್ಷೇಪ ಬರುತ್ತೆ ಗೊತ್ತು, ‘ಅರೆಘನ’ವೂ ಅರಿಸಮಾಸಾನೇ ಅಲ್ವಾ. ‘ಹದ’ ಅನ್ನೋ ಚೆಂದದ ಪದ ನಮ್ಮಲ್ಲಿದೆ, ಆದ್ರೆ ಅದು ಆ ಹೊತ್ತಿಗೆ ವಸ್ತು ಕೆಲಸಕ್ಕೆ ತಯಾರಿದೆಯಾ ಅಂತ ಹೇಳುತ್ತೆ, ಗುಂಪಿನ ಹೆಸರಾಗೋದು ಕಷ್ಟ ಅನ್ಸುತ್ತೆ. ‘ಮಿದಿ’ ಅನ್ನೋ ಕ್ರಿಯಾಪದದಿಂದ ಏನಾದ್ರೂ ಕಟ್ಟಬಹುದಾ ಅಂತ ವ್ಯಾಕರಣ ಬಲ್ಲವರು ಹೇಳಿ. ಕುಂಬಾರಿಕೆ ಮನೆತನದವರು ಯಾರಾದ್ರೂ ಇದ್ರೆ, ತಿಗರಿ ಮೇಲೆ ನಿಲ್ಲದಷ್ಟು ಮೆತ್ತಗಾದ ಮಣ್ಣಿಗೆ ಏನಂತೀರಿ, ತಿದ್ದೋಕೆ ಹೋದ್ರೆ ಬಿರಿಯೋಷ್ಟು ಆರಿದ ಮಣ್ಣಿಗೆ ಏನಂತೀರಿ, ನಿಮ್ಮ ಊರಿನ ಹೆಸರು ಸಮೇತ ಬರೀರಿ ದಯವಿಟ್ಟು.