ಅಪ್‌ಡೇಟ್: ಕಡಿಮೆ ಬೆಲೆಯ ಫ್ಲೈ ರಾಡ್ ಉಪ್ಪುನೀರಿಗೆ ಆಗುತ್ತಾ?

ನೂರು ಡಾಲರ್ ಒಳಗಿನ 9 ಅಡಿಯ 8-ವೇಟ್ (ಸ್ವಲ್ಪ ಭಾರದ ಲೈನ್‌ಗೆ ಹೊಂದುವ) ಫ್ಲೈ ರಾಡ್, ಅಂದ್ರೆ ಹಗುರವಾದ ಕೃತಕ ಹುಳು ಎಸೆದು ಮೀನು ಹಿಡಿಯೋ ಕೋಲು, ಉಪ್ಪುನೀರಿಗೆ ತಾಳುತ್ತಾ ಅಂತ ಕೇಳಿದ್ದೆ ಅಲ್ವಾ? ತಾಳುತ್ತೆ, ಧೈರ್ಯವಾಗಿ ಕೊಳ್ಳಿ.

ಫ್ಲೋರಿಡಾದ ಟ್ಯಾಂಪಾ ಬೇಯಲ್ಲಿ ಸ್ನೂಕ್ ಮೀನು ಗಾಳಕ್ಕೆ ಬಿದ್ದದ್ದೇ ಮ್ಯಾಂಗ್ರೋವ್ ಬೇರಿನ ಕಡೆ ನುಗ್ಗಿತು. ರಾಡ್ ಹಿಡಿಯ ತನಕ ಬಗ್ಗಿತು, ಆದರೂ ಮೀನನ್ನು ತಿರುಗಿಸಿಯೇಬಿಟ್ಟಿತು. ಎದುರುಗಾಳಿಯಲ್ಲಿ ದೂರ ಎಸೆಯೋದು ಮಾತ್ರ ಕಷ್ಟ, ತುದಿ ಸ್ವಲ್ಪ ಮೆತ್ತಗಿದೆ.

ರೀಲ್ ಸೀಟ್ (ಲೈನ್ ಸುತ್ತೋ ರೀಲ್ ಕೂರಿಸೋ ಜಾಗ) ಆನೋಡೈಸ್ ಮಾಡಿದ, ಅಂದ್ರೆ ತುಕ್ಕು ತಡೆಯೋ ಪದರ ಕೊಟ್ಟ ಅಲ್ಯೂಮಿನಿಯಂ, ಚೆನ್ನಾಗಿಯೇ ಇದೆ. ಆದರೆ ಒಂದು ಗೈಡ್‌ನ (ಲೈನ್ ಹಾದುಹೋಗೋ ಉಂಗುರದ) ಬುಡದಲ್ಲಿ, ದಾರ ಸುತ್ತಿದ ಕಡೆ, ಕಂದು ಚುಕ್ಕೆ ಬಂದಿದೆ. ಕೊಳ್ಳುವಾಗ ಅಲ್ಲಿ ಎಪಾಕ್ಸಿ ಅಂಟಿನ ಲೇಪ ಪೂರ್ತಿ ಮುಚ್ಚಿದೆಯಾ ನೋಡಿ. ಪ್ರತಿ ಸಲ ಸಿಹಿನೀರಲ್ಲಿ ತೊಳೆದು, ರಾಡ್‌ನ ತುಂಡುಗಳನ್ನು ಬಿಡಿಸಿ ಒಣಗಿಸಿ.

ಉಳಿದ ದುಡ್ಡನ್ನು ಬಿಸಿಲಿಗೆ ಮೆತ್ತಗಾಗದ ಟ್ರಾಪಿಕಲ್ ಲೈನ್‌ಗೆ (ಬಿಸಿ ಪ್ರದೇಶಕ್ಕೆ ಅಂತ ಮಾಡಿದ ಎಸೆಯೋ ದಾರಕ್ಕೆ) ಹಾಕಿ ಅಂದವರಿಗೆ ತುಂಬಾ ಥ್ಯಾಂಕ್ಸ್. ಎಸೆತದಲ್ಲಿ ಜಾಸ್ತಿ ವ್ಯತ್ಯಾಸ ಕಂಡಿದ್ದು ಅದರಿಂದಲೇ.