ಚಿಟ್ಟೆ ಎಣಿಸಲು ಮೊಬೈಲ್ ಸಾಕೇ? ಅನುಭವ ಇದ್ದವರು ಹೇಳಿ

ಗಂಗಾವತಿಯ ಶಿಕ್ಷಕಿಯ ಪ್ರಶ್ನೆ: ಮಕ್ಕಳನ್ನು ಕರೆದುಕೊಂಡು ಆನೆಗೊಂದಿ ಕಡೆ ಚಿಟ್ಟೆಗಳನ್ನು ದಾಖಲಿಸುವ ಆಸೆಯಿದೆ. ಒಳ್ಳೆಯ ಕ್ಯಾಮೆರಾ ಇಲ್ಲ. ನಮ್ಮಂಥವರ ಚಿತ್ರಗಳಿಂದ ಅಪರೂಪದ ಚಿಟ್ಟೆಗಳಿಗೆ ನಿಜವಾಗಿ ಉಪಯೋಗವಿದೆಯೇ?

ಸಂಡೂರಿನಿಂದ: ಮೊಬೈಲ್ ಧಾರಾಳವಾಗಿ ಸಾಕು, ಮೇಡಂ. ಆದರೆ ರೆಕ್ಕೆ ಬಿಚ್ಚಿದಾಗ ಒಂದು, ಮಡಿಸಿದಾಗ ಒಂದು ಚಿತ್ರ ಬೇಕೇ ಬೇಕು. ಎಕ್ಕದ ಗಿಡದ ಸುತ್ತ ಸುಳಿಯುವ ಕಿತ್ತಳೆ ಬಣ್ಣದ ಪ್ಲೇನ್ ಟೈಗರ್ ನಮ್ಮಲ್ಲಿ ಎಲ್ಲೆಲ್ಲೂ ಇದೆ. ಎಕ್ಕದ ವಿಷ ಉಂಡು ಬೆಳೆದ ಅದನ್ನು ಹಕ್ಕಿಗಳು ಸಾಮಾನ್ಯವಾಗಿ ಮುಟ್ಟುವುದಿಲ್ಲ. ಡನಾಯ್ಡ್ ಎಗ್‌ಫ್ಲೈ ಎಂಬ ಇನ್ನೊಂದು ಜಾತಿಯ ಹೆಣ್ಣು, ವಿಷವಿಲ್ಲದಿದ್ದರೂ, ಬಯಲಾಟದವರಂತೆ ಅದೇ ಬಣ್ಣ ಹಚ್ಚಿಕೊಂಡು ಬಚಾವಾಗುತ್ತದೆ. ಹಿಂದಿನ ರೆಕ್ಕೆಯ ನಡುವೆ ಮೂರು ನಾಲ್ಕು ಕಪ್ಪು ಚುಕ್ಕೆಗಳಿದ್ದರೆ ಪ್ಲೇನ್ ಟೈಗರ್. ಮೇಲಂಚಿನಲ್ಲಿ ಒಂದೇ ಮಚ್ಚೆಯಿದ್ದರೆ ಈ ವೇಷಧಾರಿ. ದೂರದಿಂದ ನೋಡಿ ಹೆಸರು ಬರೆದರೆ ದಾಖಲೆ ಕೆಟ್ಟಿತು. ಚಿತ್ರವನ್ನು ದಿನಾಂಕ, ಜಾಗದ ಸಮೇತ ಐನ್ಯಾಚುರಲಿಸ್ಟ್ ಜಾಲತಾಣಕ್ಕೋ ಇಂಡಿಯಾ ಬಯೋಡೈವರ್ಸಿಟಿ ಪೋರ್ಟಲ್ ಜಾಲತಾಣಕ್ಕೋ ಹಾಕಿದರೆ ಬಲ್ಲವರು ಗುರುತಿಸಿ ಕೊಡುತ್ತಾರೆ.

ರಾಯಚೂರಿನಿಂದ: ನನ್ನದು ಸ್ವಲ್ಪ ಬೇರೆ ಮಾತು. ಚಿತ್ರದ ಹುಚ್ಚು ಹಿಡಿದವರು ಅಪರೂಪದ್ದರ ಹಿಂದೆ ಮಾತ್ರ ಓಡುತ್ತಾರೆ. ಕೊನೆಗೆ ನಕ್ಷೆಯಲ್ಲಿ ಮೂಡುವುದು ಚಿಟ್ಟೆಯ ನೆಲೆಯಲ್ಲ, ಛಾಯಾಗ್ರಾಹಕರ ಓಡಾಟ. ಅದರ ಬದಲು ಒಂದೇ ದಾರಿಯಲ್ಲಿ ವಾರಕ್ಕೊಮ್ಮೆ ನಡೆದು ಎಣಿಸಿ. ಬ್ರಿಟನ್ನಿನ ಸ್ವಯಂಸೇವಕರು 1976ರಿಂದ ಹೀಗೆಯೇ ಎಣಿಸುತ್ತಿದ್ದಾರೆ: ಎಡಬಲಕ್ಕೆ ಎರಡೂವರೆ ಮೀಟರ್, ಮುಂದಕ್ಕೆ ಐದು ಮೀಟರ್ ಒಳಗೆ ಕಂಡದ್ದಷ್ಟೇ ಲೆಕ್ಕ. ಯಾವ ಜಾತಿ ಕುಗ್ಗುತ್ತಿದೆ ಎಂದು ಅಲ್ಲಿ ಧೈರ್ಯವಾಗಿ ಹೇಳಲು ಸಾಧ್ಯವಾಗಿರುವುದು ಇಂಥ ದೀರ್ಘ ಲೆಕ್ಕದಿಂದ. ಕಾಣದ ವಾರ ‘ಇಲ್ಲ’ ಎಂದೂ ಬರೆಯಬೇಕು. ನಮ್ಮವರಿಗೆ ಅದನ್ನು ಬರೆಯಲು ಬಲು ಬೇಸರ!

ಗಿಡವನ್ನೂ ಗುರುತಿಸಿ. ಸಾಲ್ಮನ್ ಅರಬ್ ಎಂಬ ಬಯಲುಸೀಮೆಯ ಪುಟ್ಟ ಚಿಟ್ಟೆಯ ಹುಳುಗಳು ಮಿಸ್ವಾಕ್ ಗಿಡದ ಎಲೆ ತಿನ್ನುತ್ತವೆ. ‘ಬರೀ ಕುರುಚಲು’ ಎಂದು ಜೆಸಿಬಿ ಹಾಯಿಸಿದರೆ ಅವುಗಳಿಗೆ ಊಟವೇ ಇಲ್ಲ. ಗಿಡ ಎಲ್ಲಿದೆ ಎಂಬ ದಾಖಲೆ ಕೈಯಲ್ಲಿದ್ದರೆ ಪಂಚಾಯಿತಿಯವರ ಎದುರು ಮಾತನಾಡಲು ಆಧಾರವಾದರೂ ಇರುತ್ತದೆ.

ಕೊಪ್ಪಳದಿಂದ: ಬಲೆ ಬೇಡ, ಹಿಡಿಯುವುದೂ ಬೇಡ. ಕೆಲವು ಚಿಟ್ಟೆಗಳಿಗೆ 1972ರ ವನ್ಯಜೀವಿ ಕಾಯ್ದೆಯ ರಕ್ಷಣೆಯಿದೆ. ತೀರಾ ಅಪರೂಪದ್ದು ಸಿಕ್ಕರೆ ನಿಖರ ಜಾಗವನ್ನು ಸಾರ್ವಜನಿಕವಾಗಿ ತೋರಿಸಬೇಡಿ. ಮರೆಮಾಡುವ ಸೌಲಭ್ಯ ಐನ್ಯಾಚುರಲಿಸ್ಟ್‌ನಲ್ಲಿದೆ. ಆನೆಗೊಂದಿಯ ಗುಡ್ಡಗಳಲ್ಲಿ ಚಿರತೆ, ಕರಡಿ ಇವೆ. ಮಕ್ಕಳೊಂದಿಗೆ ನಸುಕಿನಲ್ಲಿ ಹೋಗಬೇಡಿ. ಹೇಗೂ ಬಿಸಿಲೇರುವವರೆಗೆ ಚಿಟ್ಟೆಗಳು ಹಾರುವುದಿಲ್ಲ.

ಗಂಗಾವತಿಯ ಶಿಕ್ಷಕಿ: ಹಾಗಾದರೆ ಶಾಲೆಯಿಂದ ಕೆರೆಯವರೆಗಿನ ದಾರಿಯನ್ನೇ ಆರಿಸಿಕೊಳ್ಳುತ್ತೇವೆ. ಯಾವಾಗ ಆರಂಭಿಸಲಿ?

ರಾಯಚೂರಿನಿಂದ: ಸೆಪ್ಟೆಂಬರ್‌ನಲ್ಲಿ. ದೇಶದಾದ್ಯಂತ ಜನರೇ ಚಿಟ್ಟೆಗಳನ್ನು ದಾಖಲಿಸುವ ‘ಚಿಟ್ಟೆ ಮಾಸ’ ನಡೆಯುವುದೂ ಆಗಲೇ. ಕೆರೆದಂಡೆಯ ಒದ್ದೆ ಮಣ್ಣನ್ನು ತಪ್ಪದೆ ನೋಡಿ. ಗಂಡು ಚಿಟ್ಟೆಗಳು ಲವಣ ಹೀರಲು ಅಲ್ಲಿ ಗುಂಪುಗೂಡುತ್ತವೆ. ಹತ್ತಿರ ಹೋದರೂ ಬೇಗ ಕದಲುವುದಿಲ್ಲ, ಮಕ್ಕಳ ಮೊಬೈಲಿಗೂ ಸಿಗುತ್ತವೆ.