ಅಪ್‌ಡೇಟ್: ಅಮ್ಮನ ಪ್ರೆಡ್ನಿಸೊಲೋನ್ ಮಾತ್ರೆ

ಸಂಧಿವಾತಕ್ಕೆ ಆರು ವಾರಗಳಿಂದ ಪ್ರೆಡ್ನಿಸೊಲೋನ್ ಎಂಬ ಸ್ಟಿರಾಯ್ಡ್ ಮಾತ್ರೆ ತೆಗೆದುಕೊಳ್ಳುತ್ತಿದ್ದ ಅಮ್ಮ, ನೋವು ಇಳಿಯಿತೆಂದು ಮಾತ್ರೆ ಬಿಡಲು ಹೊರಟಿದ್ದರು. ಬಿಡಬಹುದೇ ಎಂದು ಇಲ್ಲಿ ಕೇಳಿದ್ದೆ. ‘ತಡೆಯಿರಿ, ವೈದ್ಯರನ್ನು ಕೇಳಿ’ ಎಂದವರಿಗೆಲ್ಲ ಕೃತಜ್ಞತೆಗಳು.

ಕಳೆದ ವಾರ ಮಣಿಪಾಲಕ್ಕೆ ಹೋಗಿ ವೈದ್ಯರನ್ನು ಕಂಡು ಬಂದೆವು. ಇಷ್ಟು ವಾರ ಮಾತ್ರೆ ತೆಗೆದುಕೊಂಡವರಲ್ಲಿ ಮೂತ್ರಪಿಂಡದ ಮೇಲಿರುವ ಅಡ್ರಿನಲ್ ಗ್ರಂಥಿ ತಾನು ತಯಾರಿಸುವ, ದೇಹಕ್ಕೆ ಅಗತ್ಯವಾದ ಕಾರ್ಟಿಸಾಲ್ ಹಾರ್ಮೋನನ್ನು ತಗ್ಗಿಸಿರುತ್ತದೆ; ಒಮ್ಮೆಲೇ ನಿಲ್ಲಿಸಿದರೆ ರಕ್ತದೊತ್ತಡ ಕುಸಿದು ಪ್ರಾಣಕ್ಕೇ ಅಪಾಯವಾಗಬಹುದು ಎಂದರು. ಹಂತಹಂತವಾಗಿ ಇಳಿಸುವ ಪಟ್ಟಿ ಬರೆದುಕೊಟ್ಟಿದ್ದಾರೆ. ಅದೀಗ ಅಡುಗೆಮನೆಯ ಕ್ಯಾಲೆಂಡರಿನ ಪಕ್ಕದಲ್ಲಿದೆ. ಬೆಳಿಗ್ಗೆ ನೀರುದೋಸೆ ತಿಂದು, ಮಾತ್ರೆ ನುಂಗಿ, ಅಮ್ಮನೇ ಪೆನ್ಸಿಲಿನಿಂದ ಗೀಟು ಎಳೆಯುತ್ತಾರೆ.

ನನ್ನ ಎದೆ ನಡುಗಿಸಿದ್ದು ಬೇರೆ ವಿಷಯ. ಸೊಂಟನೋವಿಗೆಂದು ಅಂಗಡಿಯಿಂದ ತರಿಸಿದ ಡೈಕ್ಲೋಫೆನಾಕ್ ಎಂಬ ನೋವಿನ ಮಾತ್ರೆಯನ್ನೂ ಅವರು ಜೊತೆಗೆ ನುಂಗುತ್ತಿದ್ದರು! ಎರಡೂ ಸೇರಿದರೆ ಹೊಟ್ಟೆಯಲ್ಲಿ ಹುಣ್ಣಾಗಿ ರಕ್ತಸ್ರಾವವಾಗುವ ಅಪಾಯ ಹೆಚ್ಚಂತೆ. ವೈದ್ಯರು ಅದನ್ನು ಅಂದೇ ಬಿಡಿಸಿದರು. ರಕ್ತದ ಸಕ್ಕರೆ ಪರೀಕ್ಷೆಗೆ ಸೋಮವಾರ ಹೋಗುತ್ತೇವೆ.